ಮೊದಲು ಕಂಡವರ ಹೆಸರು

ಪ್ರಶ್ನೆ: ನಾನು ರಾಜಾಜಿನಗರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಇಪ್ಪತ್ತು ವಿಜ್ಞಾನಿಗಳ ಚಾರ್ಟ್ ಮಾಡಿದರು. ಅದರಲ್ಲಿ ಹೆಂಗಸರೆಂದರೆ ಮೇರಿ ಕ್ಯೂರಿ ಒಬ್ಬರೇ. ಗೋಡೆಗೆ ಅಂಟಿಸುವಾಗ ಒಬ್ಬ ಹುಡುಗಿ, "ಸಾರ್, ಹೆಂಗಸರು ಏನೂ ಕಂಡುಹಿಡೀಲಿಲ್ವಾ, ಇಲ್ಲಾ ಕಂಡುಹಿಡಿದಿದ್ದನ್ನ ಯಾರೂ ಬರ್ಕೊಳ್ಳಲಿಲ್ವಾ?" ಅಂದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವಳಿಗೆ ಏನು ಹೇಳಲಿ? ಚಾರ್ಟಿಗೆ ಯಾರನ್ನು ಸೇರಿಸಲಿ?

ಉತ್ತರ: ನಮಸ್ಕಾರ ಮೇಷ್ಟ್ರೇ. ನಿಮ್ಮ ಹುಡುಗಿ ಎರಡು ದಾರಿ ಇಟ್ಟಿದ್ದಾಳೆ. ನಿಜ ಇರುವುದು ಮೂರನೆಯದರಲ್ಲಿ. ಹೆಂಗಸರು ಕಂಡುಹಿಡಿದರು, ಬರೆದರು, ಬಹಳಷ್ಟು ಸಲ ಅದು ಅಚ್ಚೂ ಆಯಿತು. ಆಮೇಲೆ ಆ ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ಹೆಸರು ಉದುರಿತು. ಯಾವ ಜಾಗದಲ್ಲಿ ಉದುರಿತು ಅನ್ನುವುದನ್ನು ಬೆರಳಿಟ್ಟು ತೋರಿಸಬಹುದು. ಒಂದು ಕಡೆ ಪ್ರವೇಶದ ಬಾಗಿಲಲ್ಲಿ, ಒಂದು ಕಡೆ ಪದವಿಯ ನಿಯಮದಲ್ಲಿ, ಇನ್ನೊಂದು ಕಡೆ ಬಹುಮಾನದ ಪಟ್ಟಿಯಲ್ಲಿ. ಅವಳಿಗೆ ಆ ಜಾಗಗಳನ್ನು ತೋರಿಸಿ. "ಪಾಪ, ಮರೆತುಬಿಟ್ಟರು" ಅಂತ ಹೇಳಿ ಮುಗಿಸಿದರೆ ಅವಳಿಗೆ ಬೇಜಾರು ಮಾತ್ರ ಉಳಿಯುತ್ತದೆ.

ನಮ್ಮೂರಿನಿಂದಲೇ ಶುರು ಮಾಡೋಣ. ನಿಮ್ಮ ಶಾಲೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಹಳಬರ ಬಾಯಲ್ಲಿ ಇವತ್ತಿಗೂ ಅದು ಟಾಟಾ ಇನ್‌ಸ್ಟಿಟ್ಯೂಟೇ. 1933ರಲ್ಲಿ ಅಲ್ಲಿಗೆ ಕಮಲಾ ಭಾಗವತ್ ಎಂಬ ಹುಡುಗಿ ಅರ್ಜಿ ಹಾಕಿದಳು. ಬೊಂಬಾಯಿಯಲ್ಲಿ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ ಮೆರಿಟ್ ಪಟ್ಟಿಯ ಮೇಲ್ತುದಿಯಲ್ಲಿದ್ದವಳು. ಅವಳ ತಂದೆ ನಾರಾಯಣರಾವ್, ಅವರ ಸಹೋದರ ಮಾಧವರಾವ್ ಇಬ್ಬರೂ ಇದೇ ಸಂಸ್ಥೆಯಲ್ಲಿ ಓದಿದ ರಸಾಯನಶಾಸ್ತ್ರಜ್ಞರು. ಆದರೂ ಅರ್ಜಿ ತಿರಸ್ಕೃತವಾಯಿತು. ಹೆಣ್ಣು ಅನ್ನುವುದೇ ಕಾರಣ. ಆಗ ನಿರ್ದೇಶಕರಾಗಿದ್ದವರು ಸಿ.ವಿ. ರಾಮನ್. ಕಮಲಾ ಸುಮ್ಮನಾಗದೆ ಬೆಂಗಳೂರಿಗೇ ಬಂದು ಕಾರಣ ಕೇಳಿದರು. ಕೊನೆಗೆ ಷರತ್ತಿನ ಮೇಲೆ ಸೇರಿಸಿಕೊಂಡರು: ಒಂದು ವರ್ಷ ಪರೀಕ್ಷೆಯ ಅವಧಿ, ಕೆಲಸದ ಗುಣಮಟ್ಟ ನಿರ್ದೇಶಕರಿಗೆ ಒಪ್ಪಿಗೆಯಾಗುವ ತನಕ ಅದಕ್ಕೆ ಮಾನ್ಯತೆ ಇಲ್ಲ, ಇವರಿಂದ ಗಂಡು ಸಂಶೋಧಕರ ಗಮನ ಕೆಡಬಾರದು.

ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಕಮಲಾ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿದರು. ವರ್ಷ ಕಳೆದಾಗ ರಾಮನ್ ಅವರಿಗೆ ಒಪ್ಪಿಗೆಯಾಯಿತು, ಆಮೇಲೆ ಹೆಣ್ಣುಮಕ್ಕಳಿಗೆ ಸಂಸ್ಥೆಯ ಬಾಗಿಲು ತೆರೆಯಿತು. ಕಮಲಾ ಕೇಂಬ್ರಿಡ್ಜಿಗೆ ಹೋದರು. ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತ, ಜೀವಕೋಶದ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್-ಸಿ ಗಿಡಗಳ ಕೋಶದಲ್ಲೂ ಇದೆ ಎಂದು ತೋರಿಸಿದರು. 1939ರಲ್ಲಿ ಅದಕ್ಕೆ ಪಿಎಚ್.ಡಿ. ಬಂತು. ದೇಶಕ್ಕೆ ಹಿಂದಿರುಗಿ ಕಮಲಾ ಸೋಹೋನಿ ಎಂಬ ಹೆಸರಿನಲ್ಲಿ ಬಡವರು ತಿನ್ನುವ ಆಹಾರವನ್ನೇ ಅಧ್ಯಯನ ಮಾಡಿದರು. ತಾಳೆ ಜಾತಿಯ ಮರದಿಂದ ಇಳಿಸುವ ನೀರಾದಲ್ಲಿ ಏನೆಲ್ಲ ಪೋಷಕಾಂಶ ಇದೆ ಎಂದು ಅಳೆದು ತೋರಿಸಿದವರು ಅವರು.

ಫೆಬ್ರವರಿ 28 ರಾಮನ್ ಪರಿಣಾಮದ ದಿನ. ಆ ದಿನ ಈ ಕಥೆ ಹೇಳಿದರೆ ರಾಮನ್ ಅವರಿಗೆ ಅಗೌರವವಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಬೆಳಕಿನ ಚದುರುವಿಕೆಯಲ್ಲಿ ಅಷ್ಟು ಸೂಕ್ಷ್ಮ ಕಂಡ ಕಣ್ಣಿಗೆ ಎದುರು ನಿಂತ ಹುಡುಗಿಯಲ್ಲಿ ವಿಜ್ಞಾನಿ ಕಾಣಲಿಲ್ಲ. ಎರಡೂ ನಿಜ. ಹದಿನಾಲ್ಕು ವರ್ಷದ ಮಕ್ಕಳಿಗೆ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವ ಶಕ್ತಿ ಇರುತ್ತದೆ. ನಾವು ದೊಡ್ಡವರೇ ಹೆದರುತ್ತೇವೆ.

ಅದೇ ರಾಮನ್ ಅವರ ಪ್ರಯೋಗಶಾಲೆಗೆ 1940ರಲ್ಲಿ ಕೇರಳದಿಂದ ಅನ್ನಾ ಮಣಿ ಬಂದರು. ವಜ್ರಗಳು ಬೆಳಕನ್ನು ಹೇಗೆ ಹೀರುತ್ತವೆ, ಹೇಗೆ ಹೊರಸೂಸುತ್ತವೆ ಅನ್ನುವುದು ಅವರ ವಿಷಯ. ಮೂವತ್ತಕ್ಕೂ ಹೆಚ್ಚು ವಜ್ರಗಳ ರೋಹಿತ, ಅಂದರೆ ಬೆಳಕು ಬಿಡಿಸಿಕೊಂಡ ಬಣ್ಣಗಳ ಪಟ್ಟಿ, ತೆಗೆದರು. ಮಿಣುಕು ಬೆಳಕಿನ ಕಲ್ಲಾದರೆ ಒಂದೊಂದು ಫೋಟೋ ಪ್ಲೇಟಿಗೆ ಹದಿನೈದು ಇಪ್ಪತ್ತು ಗಂಟೆ ಬೆಳಕು ಕುಡಿಸಬೇಕು. ಕಲ್ಲನ್ನು ದ್ರವಗಾಳಿಯ ಚಳಿಯಲ್ಲೇ ಇಟ್ಟಿರಬೇಕು. ರಾತ್ರಿಯೆಲ್ಲ ಕೂತು ಮಾಡುವ ಕೆಲಸ. 1942ರಿಂದ 1945ರೊಳಗೆ ಐದು ಪ್ರಬಂಧ ಪ್ರಕಟಿಸಿ, ಮದರಾಸು ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ. ಮಹಾಪ್ರಬಂಧ ಸಲ್ಲಿಸಿದರು. ಎಂ.ಎಸ್ಸಿ. ಪದವಿ ಇಲ್ಲವಲ್ಲ ಎಂದು ಡಾಕ್ಟರೇಟ್ ಕೊಡಲಿಲ್ಲ. ಆ ಮಹಾಪ್ರಬಂಧ ಮೇಖ್ರಿ ಸರ್ಕಲ್ ಹತ್ತಿರದ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಬೇರೆಯವರ ಮಹಾಪ್ರಬಂಧಗಳ ಜೊತೆಯಲ್ಲೇ ಇದೆ. ಡಾಕ್ಟರೇಟ್ ಇಲ್ಲದೆಯೇ ಅವರು ಹವಾಮಾನ ಇಲಾಖೆ ಸೇರಿ, ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ, ಅವು ನಮ್ಮ ದೇಶದಲ್ಲೇ ತಯಾರಾಗುವ ಹಾಗೆ ಮಾಡಿದರು. ನಿವೃತ್ತಿಯ ನಂತರ ಬೆಂಗಳೂರಿನಲ್ಲೇ ಗಾಳಿಯ ವೇಗ ಮತ್ತು ಸೌರಶಕ್ತಿ ಅಳೆಯುವ ಉಪಕರಣಗಳ ಪುಟ್ಟ ಕಾರ್ಖಾನೆ ನಡೆಸಿದರು. ಇವತ್ತು ಗಾಳಿಯಂತ್ರ ಎಲ್ಲಿ ನಿಲ್ಲಿಸಬೇಕು, ಸೌರ ಫಲಕ ಎಲ್ಲಿ ಹಾಸಬೇಕು ಎಂದು ಲೆಕ್ಕ ಹಾಕುವ ನಮ್ಮ ವಿದ್ಯೆಯ ಬುಡದಲ್ಲಿ ಅವರು ಕೂಡಿಹಾಕಿದ ಅಳತೆಗಳಿವೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಕಥೆ. ಒಂದೇ ಆವಿಷ್ಕಾರದ ದಾರಿಯಲ್ಲಿ ಮೂರು ಕಡೆ ಹೆಂಗಸರ ಹೆಸರು ಉದುರಿದ್ದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇದರ ಬಗ್ಗೆ ನನಗೆ ಸ್ವಲ್ಪ ಹೆಚ್ಚು ಅಕ್ಕರೆ, ಯಾಕೆಂದರೆ ಚಿಕ್ಕ ವಯಸ್ಸಿನಲ್ಲಿ ನಾನೂ ಇದೇ ಬಗೆಯ ಕೆಲಸ ಮಾಡಿದವಳು.

ಆಕಾಶದಿಂದ ವಿಶ್ವಕಿರಣಗಳು, ಅಂದರೆ ಅತಿವೇಗದ ಸೂಕ್ಷ್ಮ ಕಣಗಳು, ಸದಾ ಸುರಿಯುತ್ತಿರುತ್ತವೆ. ಗಾಜಿನ ಪ್ಲೇಟಿನ ಮೇಲೆ ಫೋಟೋ ಎಮಲ್ಷನ್ (ಬೆಳ್ಳಿಯ ಲವಣ ಬೆರೆತ ಲೇಪ) ಬಳಿದು ಎತ್ತರದ ಬೆಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟರೆ, ವಿದ್ಯುದಾವೇಶವಿರುವ ಕಣವೊಂದು ಅದರೊಳಗೆ ಹಾದುಹೋದ ದಾರಿಯುದ್ದಕ್ಕೂ ಬೆಳ್ಳಿಯ ಲವಣದ ಹರಳುಗಳು ಬದಲಾಗುತ್ತವೆ. ಪ್ಲೇಟನ್ನು ತೊಳೆದಾಗ ಕಪ್ಪು ಚುಕ್ಕಿಗಳ ಸಾಲು ಕಾಣಿಸುತ್ತದೆ. ರಂಗೋಲಿಯಲ್ಲಿ ಚುಕ್ಕಿ ಇಡುತ್ತೇವಲ್ಲ, ಹಾಗೆ, ಆದರೆ ಕೂದಲೆಳೆಗಿಂತ ಸಣ್ಣದು. ಚುಕ್ಕಿಗಳು ಎಷ್ಟು ಒತ್ತಾಗಿವೆ, ಸಾಲು ಎಷ್ಟು ಅಂಕುಡೊಂಕಾಗಿದೆ ಅನ್ನುವುದನ್ನು ಸೂಕ್ಷ್ಮದರ್ಶಕದಲ್ಲಿ ಅಳೆದರೆ ಆ ಕಣದ ತೂಕ ಲೆಕ್ಕ ಹಾಕಬಹುದು. ಯಂತ್ರ ಅಂದರೆ ಇಷ್ಟೇ: ಗಾಜು, ಬೆಟ್ಟ, ಸೂಕ್ಷ್ಮದರ್ಶಕ, ಮನುಷ್ಯನ ಕಣ್ಣು.

ಈ ವಿಧಾನವನ್ನು ಪಳಗಿಸಿದವರು ವಿಯೆನ್ನಾದ ಮರಿಯೆಟ್ಟಾ ಬ್ಲಾವ್. ಅಲ್ಲಿನ ರೇಡಿಯಂ ಸಂಸ್ಥೆಯಲ್ಲಿ ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿದರು. 1937ರಲ್ಲಿ ಅವರೂ ಸಹೋದ್ಯೋಗಿ ಹೆರ್ತಾ ವಾಂಬಾಖರ್ ಅವರೂ, ಇನ್ಸ್‌ಬ್ರುಕ್ ಹತ್ತಿರದ ಬೆಟ್ಟದ ಮೇಲೆ ಇಟ್ಟಿದ್ದ ಪ್ಲೇಟುಗಳಲ್ಲಿ ನಕ್ಷತ್ರದಂಥ ಗುರುತುಗಳನ್ನು ಕಂಡರು. ವಿಶ್ವಕಿರಣ ಬಡಿದು ಪರಮಾಣು ಬೀಜ ಒಡೆದು ಚೂರುಗಳು ನಾನಾ ದಿಕ್ಕಿಗೆ ಸಿಡಿದ ಗುರುತು ಅದು. ಮಾರನೆಯ ವರ್ಷ ನಾಜಿಗಳು ಆಸ್ಟ್ರಿಯಾ ಹಿಡಿದರು. ಯೆಹೂದಿಯಾದ ಬ್ಲಾವ್ ಮೊದಲು ಓಸ್ಲೋಗೆ, ಅಲ್ಲಿಂದ ಮೆಕ್ಸಿಕೋಗೆ ಹೋಗಬೇಕಾಯಿತು. ಪ್ರಯೋಗ ಕೈತಪ್ಪಿತು.

ಅದೇ ಹೊತ್ತಿಗೆ ಕಲ್ಕತ್ತೆಯಲ್ಲಿ ಬಿಭಾ ಚೌಧುರಿ ಎಂಬ ಇಪ್ಪತ್ತೈದರ ಹುಡುಗಿ, ಬೋಸ್ ಸಂಸ್ಥೆಯ ನಿರ್ದೇಶಕ ದೇವೇಂದ್ರ ಮೋಹನ ಬೋಸ್ ಅವರ ಜೊತೆ ಇದೇ ದಾರಿ ಹಿಡಿದರು. ಪ್ಲೇಟುಗಳನ್ನು ಡಾರ್ಜಿಲಿಂಗ್‌ನಲ್ಲಿ, 3,600 ಮೀಟರಿಗೂ ಎತ್ತರದ ಸಂದಕ್‌ಫುವಿನಲ್ಲಿ, ಟಿಬೆಟಿನ ಫಾರಿಯಲ್ಲಿ ಇಟ್ಟರು. ತಂದು ತೊಳೆದು ಅಳೆದಾಗ, ಎಲೆಕ್ಟ್ರಾನ್‌ಗಿಂತ ಸುಮಾರು 200 ಪಟ್ಟು ತೂಕದ ಕಣಗಳ ಹಾದಿ ಕಂಡಿತು. ಎಲೆಕ್ಟ್ರಾನೂ ಅಲ್ಲ, ಪ್ರೋಟಾನೂ ಅಲ್ಲ, ಮಧ್ಯದ್ದು: ಮೆಸಾನ್. 1940ರ ದಶಕದ ಮೊದಲ ವರ್ಷಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರ ಪ್ರಬಂಧಗಳು ಬಂದವು. ಅಂದರೆ ಬರೆದೂ ಆಯಿತು, ಜಗತ್ತಿನ ದೊಡ್ಡ ಪತ್ರಿಕೆಯಲ್ಲಿ ಅಚ್ಚೂ ಆಯಿತು.

ಆಮೇಲೆ ಏನಾಯಿತು? ಯುದ್ಧ. ಇನ್ನೂ ಸೂಕ್ಷ್ಮವಾದ ಎಮಲ್ಷನ್ ಪ್ಲೇಟುಗಳು ಬೇಕಿದ್ದವು, ಭಾರತಕ್ಕೆ ಅವು ಸಿಗಲಿಲ್ಲ. ಇದ್ದ ಪ್ಲೇಟಿನಲ್ಲಿ ಅಳತೆ ಮಸುಕು. ಇವತ್ತು ನಮಗೆ ಗೊತ್ತು, ಎಲೆಕ್ಟ್ರಾನಿನ 207 ಪಟ್ಟು ತೂಕದ ಮ್ಯುಆನ್ ಒಂದಿದೆ, 273 ಪಟ್ಟಿನ ಪಯಾನ್ ಇನ್ನೊಂದಿದೆ. ಎರಡನ್ನೂ ಬಿಡಿಸಿ ನೋಡಲು ಒಳ್ಳೆಯ ಪ್ಲೇಟು ಬೇಕೇ ಬೇಕು. 1947ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸೆಸಿಲ್ ಪೊವೆಲ್ ಅವರ ತಂಡದ ಕೈಗೆ ಅಂಥ ಹೊಸ ಎಮಲ್ಷನ್ ಬಂತು, ಪಯಾನ್ ಸಿಕ್ಕಿತು. 1950ರ ನೊಬೆಲ್ ಪೊವೆಲ್ ಒಬ್ಬರಿಗೇ ಹೋಯಿತು. ಆ ವರ್ಷ ಬ್ಲಾವ್ ಅವರ ಹೆಸರನ್ನು ಭೌತವಿಜ್ಞಾನಿ ಶ್ರೋಡಿಂಗರ್ ಸೂಚಿಸಿದ್ದರು, ಫಲಿಸಲಿಲ್ಲ. ಬಹುಮಾನದ ಒಕ್ಕಣೆಯಲ್ಲಿ ಮೊದಲು ಬರುವುದೇ ಫೋಟೋ ವಿಧಾನದ ಅಭಿವೃದ್ಧಿ. ಅದನ್ನು ಓದಿದಾಗಲೆಲ್ಲ ನನಗೆ ವಿಯೆನ್ನಾದಲ್ಲಿ ಸಂಬಳವಿಲ್ಲದೆ ದುಡಿದ ಆ ವರ್ಷಗಳು ನೆನಪಾಗುತ್ತವೆ.

ಇಲ್ಲಿಗೂ ನಿಲ್ಲುವುದಿಲ್ಲ. ಬ್ರಿಸ್ಟಲ್‌ನಲ್ಲಿ ಪ್ಲೇಟುಗಳನ್ನು ದಿನವಿಡೀ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದವರು ಹೆಚ್ಚಾಗಿ ಯುವತಿಯರು. ಪಯಾನ್ ಬಂದು ನಿಂತು, ಅಲ್ಲಿಂದ ಮ್ಯುಆನ್ ಹೊರಟ ಆ ಗುರುತನ್ನು ಮೊದಲು ಕಂಡವರು ಮರಿಯೆಟ್ಟಾ ಕುರ್ಜ್ ಎಂಬ ಸ್ಕ್ಯಾನರ್. ಪೊವೆಲ್ ತಂಡಕ್ಕೆ ಒಂದು ಒಳ್ಳೆಯ ಅಭ್ಯಾಸವಿತ್ತು, ಕೆಲವು ಚಿತ್ರಗಳ ಕೆಳಗೆ ಅದನ್ನು ಕಂಡವರ ಹೆಸರು ಹಾಕುತ್ತಿದ್ದರು. ಪಠ್ಯಪುಸ್ತಕಗಳು ಚಿತ್ರ ಇಟ್ಟುಕೊಂಡವು, ಕೆಳಗಿನ ಆ ಸಾಲನ್ನು ಕತ್ತರಿಸಿದವು.

ನಾನು ಎರಡು ವರ್ಷ ಒಂದು ಪ್ರಯೋಗಶಾಲೆಯಲ್ಲಿ ಅಂಥ ಪ್ಲೇಟುಗಳನ್ನು ನೋಡುತ್ತ ಕೂತಿದ್ದೆ. ನಾಲ್ಕು ಗಂಟೆಯ ಹೊತ್ತಿಗೆ ಕಣ್ಣುರಿ, ಕತ್ತು ಮರಗಟ್ಟುತ್ತಿತ್ತು. ಗೀರು ಯಾವುದು, ಧೂಳು ಯಾವುದು, ಕಣದ ಹಾದಿ ಯಾವುದು ಅನ್ನುವ ವಿವೇಕ ಕಣ್ಣಿಗೆ ಬರಲು ತಿಂಗಳುಗಳೇ ಬೇಕು. ಪ್ರಬಂಧ ಅಚ್ಚಾದಾಗ ಕೊನೆಯಲ್ಲಿ "ಇಬ್ಬರು ಸಹಾಯಕಿಯರಿಗೆ ಕೃತಜ್ಞತೆ" ಎಂದಿತ್ತು. ಹೆಸರಿಲ್ಲ. ಅವತ್ತು ನನಗೆ ಆದದ್ದು ಬರಿಯ ಸಂಕಟವಲ್ಲ, ಗೊಂದಲ. ನಾನು ಮಾಡಿದ್ದು ಸಹಾಯವೋ, ವಿಜ್ಞಾನವೋ? ಈಗ ಕೇಳಿದರೆ ಹೇಳುತ್ತೇನೆ: ನೋಡುವುದೇ ಪ್ರಯೋಗವಾಗಿರುವ ಕಡೆ, ನೋಡಿದವರು ವಿಜ್ಞಾನ ಮಾಡಿದವರು.

ಬಿಭಾ ಅವರ ಕಥೆಯಲ್ಲಿ ಒಂದು ಎಚ್ಚರ. ಹೆಣ್ಣು ಅನ್ನುವುದೊಂದೇ ಅಲ್ಲಿ ಕಾರಣವಲ್ಲ. ದೇವೇಂದ್ರ ಮೋಹನ ಬೋಸ್ ಅವರ ಹೆಸರೂ ಜೊತೆಗೇ ಉದುರಿತು. ಪರತಂತ್ರ ದೇಶ, ಯುದ್ಧಕಾಲ, ಸಿಗದ ಸಾಮಗ್ರಿ, ಎಲ್ಲ ಸೇರಿದೆ. ಪೊವೆಲ್ ಮುಂದೆ 1959ರ ತಮ್ಮ ಪುಸ್ತಕದಲ್ಲಿ ಬೋಸ್ ಮತ್ತು ಚೌಧುರಿ ಇದೇ ವಿಧಾನದಲ್ಲಿ ಮೊದಲೇ ಕೆಲಸ ಮಾಡಿದ್ದನ್ನು ಒಪ್ಪಿಕೊಂಡಿದ್ದಾರೆ. ಆದರೆ ಬೋಸ್ ಅವರನ್ನು ಈ ದೇಶ ಮರೆಯಲಿಲ್ಲ. ಬಿಭಾ ಮ್ಯಾಂಚೆಸ್ಟರ್‌ನಲ್ಲಿ ಭೌತವಿಜ್ಞಾನಿ ಬ್ಲಾಕೆಟ್ ಅವರ ಪ್ರಯೋಗಶಾಲೆಯಲ್ಲಿ ಡಾಕ್ಟರೇಟ್ ಮಾಡಿ, 1949ರಲ್ಲಿ ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದ ಮೊದಲ ಮಹಿಳೆಯಾಗಿ, 1991ರಲ್ಲಿ ತೀರಿಕೊಳ್ಳುವವರೆಗೂ ಸಂಶೋಧನೆಯಲ್ಲೇ ಇದ್ದರು. ದೊಡ್ಡ ಪ್ರಶಸ್ತಿ ಯಾವುದೂ ಬರಲಿಲ್ಲ. 2019ರಲ್ಲಿ ದೂರದ ಒಂದು ನಕ್ಷತ್ರಕ್ಕೆ ‘ಬಿಭಾ’ ಎಂದು ಹೆಸರಿಟ್ಟರು. ಅವರ ಭಾಷೆಯಲ್ಲಿ ಬಿಭಾ ಎಂದರೆ ಬೆಳಕಿನ ಕಿರಣ, ನಮ್ಮ ‘ವಿಭಾ’ನೇ.

ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಅನ್ನುವ ಗಾದೆ ಇಂಥ ಕಥೆಗಳಿಗೆ ಬೇಗ ನೆನಪಾಗುತ್ತದೆ. ಎಲ್ಲ ಕಡೆಗೂ ಹೊಂದುವುದಿಲ್ಲ. ರೋಸಲಿಂಡ್ ಫ್ರಾಂಕ್ಲಿನ್ ಅವರದನ್ನೇ ನೋಡಿ. 1952ರ ಮೇ ತಿಂಗಳಲ್ಲಿ ಅವರ ವಿದ್ಯಾರ್ಥಿ ಗಾಸ್ಲಿಂಗ್ ತೆಗೆದ ಡಿಎನ್ಎಯ ಎಕ್ಸ್-ರೇ ಚಿತ್ರ, ‘ಫೋಟೋ 51’, ಅವರಿಗೆ ತಿಳಿಯದೆ, ಡಿಎನ್ಎಯ ರಚನೆ ಹುಡುಕುತ್ತಿದ್ದ ವಾಟ್ಸನ್ ಕಣ್ಣಿಗೆ ಬಿತ್ತು ಅನ್ನುವುದು ಎಲ್ಲರೂ ಹೇಳುವ ಕಥೆ. ಅದು ನಿಜ, ಆದರೆ ಆ ಕಥೆಯನ್ನೇ ಹಿಡಿದರೆ ಫ್ರಾಂಕ್ಲಿನ್ ಒಂದು ಚಿತ್ರ ತೆಗೆಸಿ ಅದರ ಅರ್ಥ ತಿಳಿಯದೆ ಕೂತವರಂತೆ ಕಾಣುತ್ತಾರೆ. ಅವರು ಡಿಎನ್ಎಗೆ ಎರಡು ರೂಪಗಳಿವೆ ಎಂದು ಬೇರ್ಪಡಿಸಿದ್ದರು, ಅಳತೆಗಳನ್ನು ವರದಿಯಲ್ಲಿ ಬರೆದಿದ್ದರು. ವಾಟ್ಸನ್ ಜೊತೆಗಾರ ಕ್ರಿಕ್ ಅವರಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ವರದಿಯ ಅಂಕಿಗಳೇ. 1953ರ ಫೆಬ್ರವರಿಯ ಫ್ರಾಂಕ್ಲಿನ್ ಅವರ ಟಿಪ್ಪಣಿಗಳಲ್ಲಿ ಎರಡು ಎಳೆಯ ಸುರುಳಿ ಬಂದುಬಿಟ್ಟಿದೆ. 1958ರಲ್ಲಿ, 37ನೇ ವಯಸ್ಸಿಗೆ ತೀರಿಕೊಂಡರು. ನೊಬೆಲ್ ಬಂದದ್ದು 1962ರಲ್ಲಿ, ಮೂರು ಗಂಡಸರಿಗೆ. ಮಕ್ಕಳಿಗೆ ಹೇಳುವಾಗ ಫೋಟೋ ಕದ್ದ ಕಥೆಗಿಂತ ಅವರ ಅಳತೆಯ ಕಥೆ ಹೇಳಿ.

ಭೌತವಿಜ್ಞಾನಿ ಲೀಸೆ ಮೈಟ್ನರ್ ವಿಷಯದಲ್ಲಿ ಮಾತ್ರ ನನಗೆ ಅಂಥ ಹಿಂಜರಿಕೆ ಇಲ್ಲ. ಬರ್ಲಿನ್‌ನಲ್ಲಿ ರಸಾಯನಶಾಸ್ತ್ರಜ್ಞ ಓಟೊ ಹಾನ್ ಜೊತೆ ಮೂವತ್ತು ವರ್ಷ ಕೆಲಸ ಮಾಡಿ, 1938ರ ಜುಲೈಯಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಹೊರಟವರು. ಡಿಸೆಂಬರ್‌ನಲ್ಲಿ ಹಾನ್ ಪತ್ರ ಬರೆದು, ಯುರೇನಿಯಂನಿಂದ ಬೇರಿಯಂ ಬರುತ್ತಿದೆ, ಇದು ಹೇಗೆ ಎಂದು ಕೇಳಿದರು. ಸ್ವೀಡನ್ನಿನ ಹಿಮದಲ್ಲಿ ಅಕ್ಕನ ಮಗ ಓಟೊ ಫ್ರಿಶ್ ಜೊತೆ ನಡೆಯುತ್ತ, ಪರಮಾಣು ಬೀಜವೇ ಎರಡಾಗಿ ಸೀಳಿದೆ ಎಂದು ಲೆಕ್ಕ ಹಾಕಿ ತೋರಿಸಿದವರು ಮೈಟ್ನರ್. 1944ರ ರಸಾಯನಶಾಸ್ತ್ರದ ನೊಬೆಲ್ ಹಾನ್ ಒಬ್ಬರಿಗೆ. ಅರ್ಥ ಹೇಳಿದವರನ್ನು ಬಿಟ್ಟು ಅರ್ಥ ಕೇಳಿದವರಿಗೆ ಕೊಟ್ಟ ಬಹುಮಾನ ಅದು.

ನಮ್ಮ ಮಕ್ಕಳಿಗೆ ಹತ್ತಿರವಾಗುವ ಇನ್ನೊಂದು ಎಳೆ ಇದೆ. 1920ರಲ್ಲಿ ನಮ್ಮ ದೇಶದ ಮೇಘನಾದ ಸಾಹಾ, ಬಿಸಿ ಹೆಚ್ಚಾದಂತೆ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳುವ ಸಮೀಕರಣ ಕೊಟ್ಟರು. ಅದನ್ನು ನಕ್ಷತ್ರಗಳ ಬೆಳಕಿಗೆ ಹಚ್ಚಿ, ನಕ್ಷತ್ರಗಳು ಬಹುಪಾಲು ಹೈಡ್ರೋಜನ್ ಎಂದು 1925ರಲ್ಲಿ ಕಂಡವರು ಸಿಸಿಲಿಯಾ ಪೇಯ್ನ್, ತಮ್ಮ ಇಪ್ಪತ್ತೈದನೇ ವಯಸ್ಸಿನಲ್ಲಿ. ಸೂರ್ಯನಲ್ಲಿ ಇರುವುದೂ ಭೂಮಿಯಂಥದೇ ಸಾಮಗ್ರಿ ಎಂದು ನಂಬಿದ್ದ ಕಾಲ. ದೊಡ್ಡ ಖಗೋಳಜ್ಞ ಹೆನ್ರಿ ನಾರಿಸ್ ರಸೆಲ್ ಒಪ್ಪಲಿಲ್ಲ. ಪೇಯ್ನ್ ತಮ್ಮ ಮಹಾಪ್ರಬಂಧದಲ್ಲಿ, ಈ ಫಲಿತಾಂಶ ಬಹುತೇಕ ನಿಜವಿರಲಾರದು ಎಂದು ತಾವೇ ಬರೆದುಕೊಳ್ಳಬೇಕಾಯಿತು. ನಾಲ್ಕು ವರ್ಷದ ನಂತರ ರಸೆಲ್ ಬೇರೆ ದಾರಿಯಿಂದ ಅಲ್ಲಿಗೇ ಬಂದರು. ಪೇಯ್ನ್ ಹೆಸರನ್ನು ಅವರು ಪ್ರಬಂಧದಲ್ಲಿ ಹೇಳಿದರು, ಆದರೂ ಬಹಳ ಕಾಲ ಜನ ನೆನಪಿಟ್ಟುಕೊಂಡದ್ದು ರಸೆಲ್ ಅವರನ್ನು.

ಹೆಂಗಸರ ಕೆಲಸದ ಹೆಸರು ಹೀಗೆ ಗಂಡಸರ ಪಾಲಾಗುವುದಕ್ಕೆ ಇತಿಹಾಸಕಾರ್ತಿ ಮಾರ್ಗರೆಟ್ ರಾಸಿಟರ್ 1993ರಲ್ಲಿ ‘ಮಟಿಲ್ಡಾ ಪರಿಣಾಮ’ ಎಂದು ಹೆಸರಿಟ್ಟರು. ಹೆಸರು ಉಪಯುಕ್ತ, ಆದರೆ ಅದನ್ನು ಎಲ್ಲದಕ್ಕೂ ಅಂಟಿಸಬೇಡಿ. ಐನ್‌ಸ್ಟೈನ್ ಅವರ ಸಾಪೇಕ್ಷತಾ ಸಿದ್ಧಾಂತವನ್ನು ನಿಜವಾಗಿ ಬರೆದದ್ದು ಅವರ ಮೊದಲ ಹೆಂಡತಿ ಮಿಲೆವಾ ಮಾರಿಚ್ ಎಂಬ ಸಂದೇಶ ಮೊಬೈಲಿನಲ್ಲಿ ಸುತ್ತುತ್ತಿರುತ್ತದೆ. ಮಿಲೆವಾ ಜಾಣ ವಿದ್ಯಾರ್ಥಿನಿ, ಅವರ ಬದುಕು ಕಷ್ಟದ್ದು. ಸಿದ್ಧಾಂತ ಅವರದು ಅನ್ನುವುದಕ್ಕೆ ಮಾತ್ರ ಆಧಾರ ಇಲ್ಲ. ಚಾರ್ಟಿನಲ್ಲಿ ಇಂಥದ್ದೊಂದು ಸೇರಿದರೆ, ನೋಡಿದವರು ಬಿಭಾ ಅವರನ್ನೂ ಅನುಮಾನಿಸುತ್ತಾರೆ.

ಇನ್ನು ಚಾರ್ಟ್. ದಯವಿಟ್ಟು ‘ಮಹಿಳಾ ವಿಜ್ಞಾನಿಗಳು’ ಎಂದು ಬೇರೆ ಹಾಳೆ ಮಾಡಬೇಡಿ. ಅದು ಮದುವೆ ಮನೆಯಲ್ಲಿ ಬೇರೆ ಪಂಕ್ತಿ ಹಾಕಿದ ಹಾಗೆ. ಈಗಿರುವ ಹಾಳೆಯಲ್ಲೇ ವಿಜ್ಞಾನಿಯ ಬದಲು ಆವಿಷ್ಕಾರವನ್ನು ಮೇಲೆ ಬರೆಸಿ. ಪಯಾನ್ ಅಂತ ಬರೆದು ಕೆಳಗೆ ಬ್ಲಾವ್, ಚೌಧುರಿ, ಬೋಸ್, ಪೊವೆಲ್, ಅವರ ತಂಡದ ಒಕಿಯಾಲಿನಿ, ಲಾಟೆಸ್, ಕುರ್ಜ್ ಎಲ್ಲರೂ ಬರಲಿ. ನಕ್ಷತ್ರದಲ್ಲಿ ಹೈಡ್ರೋಜನ್ ಅಂತ ಬರೆದು ಸಾಹಾ, ಪೇಯ್ನ್ ಅಕ್ಕಪಕ್ಕ ಇರಲಿ. ನಮ್ಮ ಊರಿನವರೊಬ್ಬರು ಬೇಕೆಂದರೆ ರಾಜೇಶ್ವರಿ ಚಟರ್ಜಿ ಇದ್ದಾರೆ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಅಮೆರಿಕದ ಮಿಶಿಗನ್‌ನಲ್ಲಿ ಡಾಕ್ಟರೇಟ್ ಮುಗಿಸಿ, 1953ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ ಹಿಂದಿರುಗಿ, ಗಂಡ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಮೈಕ್ರೋವೇವ್ ಪ್ರಯೋಗಶಾಲೆ ಕಟ್ಟಿದವರು.

ಕೇಳಿದ ಆ ಹುಡುಗಿಗೆ ಒಂದು ಪ್ರಯೋಗವನ್ನೂ ಕೊಡಿ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎರಡು ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಗಾಳಿ ತುಂಬಿ, ಒಳಗೆ ಥರ್ಮಾಮೀಟರ್ ಇಟ್ಟು ಬಿಸಿಲಿಗೆ ಹಿಡಿದರು. ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆ ಹೆಚ್ಚು ಕಾಯಿತು, ಆರಲು ಬಹಳ ಹೊತ್ತು ಹಿಡಿಯಿತು. ಗಾಳಿಯಲ್ಲಿ ಈ ಅನಿಲ ಹೆಚ್ಚಾದರೆ ಭೂಮಿ ಬಿಸಿಯಾಗುತ್ತದೆ ಎಂದು ಅವರು ಅವತ್ತೇ ಬರೆದರು. ಸಮ್ಮೇಳನದಲ್ಲಿ ಅದನ್ನು ಓದಿದವರು ಇನ್ನೊಬ್ಬ ಗಂಡಸು. ಮೂರು ವರ್ಷದ ನಂತರ ಜಾನ್ ಟಿಂಡಲ್ ಇನ್ನೂ ಕರಾರುವಾಕ್ಕಾಗಿ, ಶಾಖದ ಕಿರಣಗಳನ್ನೇ ಬಳಸಿ ತೋರಿಸಿದರು, ಹೆಸರು ಅವರದಾಯಿತು.

ನಿಮ್ಮ ಶಾಲೆಯ ಅಂಗಳದಲ್ಲಿ ಫೆಬ್ರವರಿಯ ಬಿಸಿಲಿಗೆ ಬರ ಇಲ್ಲ. ಒಂದೇ ಅಳತೆಯ ಎರಡು ಗಾಜಿನ ಸೀಸೆ, ಎರಡು ಥರ್ಮಾಮೀಟರ್ ಸಾಕು. ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿ ಬೇರೆ ಸೀಸೆಯಲ್ಲಿ ಅನಿಲ ತಯಾರಿಸಿ, ಕೊಳವೆಯಲ್ಲಿ ಹಾಯಿಸಿ ಒಂದರೊಳಗೆ ತುಂಬಿ. ಸೀಸೆ ಚಿಕ್ಕದಾದ್ದರಿಂದ ವ್ಯತ್ಯಾಸ ಸಣ್ಣದೇ ಬರುತ್ತದೆ. ಒಂದೇ ಸಲಕ್ಕೆ ನಂಬದೆ ನಾಲ್ಕೈದು ಸಲ, ಸೀಸೆಗಳನ್ನು ಅದಲುಬದಲು ಮಾಡಿ ನೋಡಿ. ಎರಡು ನಿಮಿಷಕ್ಕೊಮ್ಮೆ ಉಷ್ಣಾಂಶ ಬರೆಯಲಿ. ಕೋಷ್ಟಕದಲ್ಲಿ ಸಮಯ, ಮೊದಲ ಸೀಸೆ, ಎರಡನೇ ಸೀಸೆ ಎಂದು ಮೂರು ಕಂಬಸಾಲು ಇರುತ್ತವಲ್ಲ, ಅದರ ಪಕ್ಕದಲ್ಲಿ ನಾಲ್ಕನೆಯದೊಂದು ಎಳೆಯಿಸಿ: ‘ನೋಡಿದವರು’. ಥರ್ಮಾಮೀಟರ್ ಓದಿದ ಮಗುವಿನ ಹೆಸರು ಪ್ರತಿ ಸಾಲಿನಲ್ಲೂ ಬರಲಿ.